ನಲವತ್ತಾರು ಪರ್ಸೆಂಟ್ ಹಿಂಡಿ

ಲೋಡು ಕೆಟ್ಟದಾಗಿದ್ದರೆ ಯಾವ ತೊಂದರೆಯೂ ಇರುತ್ತಿರಲಿಲ್ಲ. ಅದು ಚೆನ್ನಾಗಿತ್ತು. ಮುಕ್ಕಣ್ಣನ ಕಷ್ಟ ಶುರುವಾದದ್ದೇ ಅಲ್ಲಿಂದ.

ಮುಕ್ಕಣ್ಣ ಅನ್ನುವುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಮಿಲ್ಲಿನ ಹಮಾಲರು ಇಟ್ಟದ್ದು. ದನಕರುಗಳ ಆಹಾರ ತಯಾರಿಸುವ ಆ ಮಿಲ್ಲಿಗೆ ಬರುವ ಹಿಂಡಿ, ತೌಡು, ಮೆಕ್ಕೆಜೋಳವನ್ನೆಲ್ಲ ಪರೀಕ್ಷಿಸಿ ಒಳಗೆ ಬಿಡುವುದೋ ಬೇಡವೋ ಎಂದು ಹೇಳುವುದು ಅವನ ಕೆಲಸ. ಅದಕ್ಕಾಗಿ ಅವನ ಕೈಯಲ್ಲಿ ಸದಾ ಒಂದು ಚೂಪು ಮೂತಿಯ ಕಬ್ಬಿಣದ ಕೊಳವೆ ಇರುತ್ತಿತ್ತು. ಚೀಲಕ್ಕೆ ಚುಚ್ಚಿದರೆ ಒಳಗಿನ ಮಾಲು ಕೊಳವೆಯಲ್ಲಿ ಜಾರಿ ಅಂಗೈಗೆ ಬೀಳುತ್ತದೆ. ಬೇರೆಯವರು ಹತ್ತು ಚೀಲಕ್ಕೆ ಒಂದು ಕಡೆ ಚುಚ್ಚಿ, ಗೋಣಿಯ ಎಳೆಯನ್ನು ಉಜ್ಜಿ ತೂತು ಮುಚ್ಚಿಬಿಡುತ್ತಾರೆ. ಇವನು ಹಾಗಲ್ಲ. ಪ್ರತಿ ಚೀಲಕ್ಕೂ ಮೂರು ತೂತು, ಮೇಲೆ ಎರಡು, ಕೆಳಗೆ ಒಂದು. ಮುಚ್ಚುವ ಮಾತೇ ಇಲ್ಲ.

"ಇರ್ಲಿ ಬಿಡ್ರಿ, ನಾನು ನೋಡಿದೀನಿ ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ" ಎನ್ನುತ್ತಿದ್ದ. ಹದಿನೆಂಟು ವರ್ಷದಿಂದ ಆ ಮೂರು ತೂತೇ ಅವನ ರುಜು.

ಅನುಮಾನ ಪಡುವುದಕ್ಕೇ ಸಂಬಳ ಕೊಡುವ ಕೆಲಸ ಸಿಕ್ಕರೆ ಮನುಷ್ಯ ಮನೆಯಲ್ಲೂ ಅದನ್ನೇ ಮಾಡುತ್ತಾನೆ. ಹೆಂಡತಿ ಕೊಟ್ಟ ಚಹಾವನ್ನು ಬೆಳಕಿಗೆ ಹಿಡಿದು ನೋಡಿ ಕುಡಿಯುತ್ತಿದ್ದ. ಆದರೆ ಇಷ್ಟೆಲ್ಲ ಅನುಮಾನದ ನಡುವೆಯೂ ಹೋದ ತಿಂಗಳು ಒಂದು ಲೋಡು ಅವನ ಕಣ್ಣು ತಪ್ಪಿಸಿ ಒಳಗೆ ನುಗ್ಗಿಬಿಟ್ಟಿತ್ತು. ಶೇಂಗಾ ಹಿಂಡಿಯ ಹೆಸರಿನಲ್ಲಿ ಸಿಪ್ಪೆಯ ಪುಡಿ, ಅದಕ್ಕೆ ಒಂದಿಷ್ಟು ಯೂರಿಯಾ. ಹಿಂಡಿಯಲ್ಲಿ ಪ್ರೋಟೀನು ಎಷ್ಟಿದೆ ಎಂದು ಹೇಳುವ ಲ್ಯಾಬಿನ ಯಂತ್ರ ಅಳೆಯುವುದು ಸಾರಜನಕವನ್ನು. ಯೂರಿಯಾದ ತುಂಬ ಅದೇ ಇರುತ್ತದೆ. ಕಳ್ಳರು ಸಿಪ್ಪೆಗೆ ಯೂರಿಯಾ ಬೆರೆಸಿದರೆ ಯಂತ್ರ ಪಾಪ ಮೋಸಹೋಗಿ 'ಆಹಾ, ಎಂಥ ಪ್ರೋಟೀನು' ಎನ್ನುತ್ತದೆ. ದನ ಮೋಸಹೋಗುವುದಿಲ್ಲ. ಹಾಲಿನವರು ಮೂತಿ ತಿರುಗಿಸಿದ ಹಸುಗಳ ಕತೆ ಹೇಳುತ್ತ ಇಪ್ಪತ್ತು ಚೀಲ ತಂದು ಸಾಹುಕಾರರ ಆಫೀಸಿನ ಬಾಗಿಲಿಗೇ ಸುರಿದು ಹೋಗಿದ್ದರು.

ಸಾಹುಕಾರರು ಕೂಗಾಡಲಿಲ್ಲ. ಮೆಲ್ಲಗೆ, "ಇನ್ನೊಂದು ಸಲ ಹೀಗಾದ್ರೆ ಕ್ವಾರ್ಟರ್ಸಿನ ಬೀಗದ ಕೈ ತಂದು ನನ್ನ ಮೇಜಿನ ಮೇಲೆ ಇಡು" ಎಂದಿದ್ದರು. ಕ್ವಾರ್ಟರ್ಸು ಅಂದರೆ ಮಿಲ್ಲಿನ ಹಿಂದೆ ಎರಡು ಕೋಣೆ, ಒಂದು ಅಡುಗೆಮನೆ. ಅದರ ನಲ್ಲಿಯಲ್ಲಿ ಹನ್ನೊಂದು ವರ್ಷ ನೀರು ಬಂದಿರಲಿಲ್ಲ. ಹೆಂಡತಿ ಅರ್ಜಿ ಕೊಟ್ಟು ಕೊಟ್ಟು, ಕೊನೆಗೆ ಹೋದ ವಾರವಷ್ಟೇ ನೀರು ಬಂದಿತ್ತು. ಆವತ್ತು ಬೆಳಿಗ್ಗೆ ಅವನು ಹೊರಡುವಾಗಲೂ ಅವಳು ಸುಮ್ಮನೆ ನಲ್ಲಿ ತಿರುಗಿಸಿ, ನೀರು ನೋಡಿ, ಮತ್ತೆ ನಿಲ್ಲಿಸುತ್ತಿದ್ದಳು.

"ನೋಡೀಂದ್ರೆ, ಈ ಮನೆ ಕಳ್ಕೊಂಡು ಮಾತ್ರ ಬರಬೇಡಿ. ನೀವು ತಡವಾಗಿ ಬಂದರೂ ಸರಿ, ಬರದಿದ್ದರೂ ಸರಿ, ಬೀಗದ ಕೈ ಮಾತ್ರ ಜೋಪಾನ" ಎಂದಳು.

ಮನಸ್ಸಿನ ತುಂಬ ಆ ನಲ್ಲಿಯನ್ನೇ ಇಟ್ಟುಕೊಂಡು ಅವನು ಗೇಟಿಗೆ ಬಂದಾಗ ಶೇಂಗಾ ಹಿಂಡಿಯ ಲಾರಿ ನಿಂತಿತ್ತು. ನೂರು ಚೀಲ. ಹೇಳಿದ ಹೊತ್ತಿಗೆ ಸರಿಯಾಗಿ ಬಂದಿತ್ತು. ಮುಕ್ಕಣ್ಣನಿಗೆ ಮೊದಲ ಅನುಮಾನ ಬಂದದ್ದು ಅಲ್ಲೇ. ಹೇಳಿದ ಹೊತ್ತಿಗೆ ಬರುವ ಲಾರಿ ಎಲ್ಲಾದರೂ ಉಂಟೇ?

ತೂಕದ ಗುಮಾಸ್ತ ತನ್ನ ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿ ಕರೆದ. ಈ ಗುಮಾಸ್ತ ಕ್ವಾರ್ಟರ್ಸಿನಲ್ಲಿ ಮುಕ್ಕಣ್ಣನ ಪಕ್ಕದ ಮನೆಯವನು, ಇಬ್ಬರಿಗೂ ನಡುವೆ ಒಂದೇ ಗೋಡೆ. ತೂಗುವುದು ಲಾರಿಯನ್ನಾದರೂ ಅವನ ಕಣ್ಣು ಮಿಲ್ಲಿನ ಎಲ್ಲರನ್ನೂ ತೂಗುತ್ತಿತ್ತು.

"ಮುಕ್ಕಣ್ಣಾರೇ, ಒಂದು ವಿಚಿತ್ರ ನೋಡ್ದೆ" ಎಂದ ದನಿ ತಗ್ಗಿಸಿ. "ತೂಕ ಹಾಕೋವಾಗ ಡ್ರೈವರು ತಾನಾಗೇ ಕೆಳಗಿಳಿದ."

"ತಾನಾಗೇ?"

"ಇಳಿಯಪ್ಪಾ ಅಂತ ನಾನು ಬಾಯಿ ತೆಗೆಯೋದ್ರೊಳಗೆ! ಕ್ಲೀನರ್‌ನೂ ಇಳಿಸಿದ. ಸ್ಟೆಪ್ನಿ ಟೈರನ್ನೂ ಇಳಿಸ್ಲಾ ಅಂತ ಕೇಳ್ದ. ಬೇರೆಯೋರು ತಮ್ಮ ತೂಕಾನೂ ಮಾಲಿನ ಲೆಕ್ಕಕ್ಕೆ ಸೇರ್ಲಿ ಅಂತ ಒಳಗೇ ಕೂತಿರ್ತಾರೆ. ನನ್ನ ಸರ್ವೀಸಿನಲ್ಲಿ ಇಂಥೋನನ್ನ ಕಂಡಿಲ್ಲ."

"ಯಾಕಿರಬಹುದು?"

"ನಾನ್ಯಾಕೆ ಹೇಳ್ಲಿ? ನೀವು ತಿಳಿದೋರು" ಎಂದು ಗುಮಾಸ್ತ ಒಳಗೆ ಸರಿದುಕೊಂಡ. ಹೇಳಬೇಕಾದ್ದನ್ನು ಹೇಳದೆಯೇ ಹೇಳುವುದರಲ್ಲಿ ಅವನು ನಿಸ್ಸೀಮ.

ಮುಕ್ಕಣ್ಣ ಲಾರಿಯನ್ನು ಒಂದು ಸುತ್ತು ಹಾಕಿದ. ತಾಡಪಾಲು ಹರಿದಿರಲಿಲ್ಲ. ಹಗ್ಗದ ಗಂಟುಗಳು ಸರಿಯಾಗಿದ್ದವು. ಡ್ರೈವರು ಬಂದು ಕೈಮುಗಿದ. ಆದರೆ ಎಲ್ಲ ಡ್ರೈವರುಗಳ ಹಾಗೆ 'ಅಣ್ಣಾ, ಚಹಾ ಕುಡ್ಕೊಂಡು ಬರೋಣ ಬನ್ನಿ' ಎನ್ನಲಿಲ್ಲ. ಸಿಗರೇಟು ನೀಡಲಿಲ್ಲ. ಬರೀ ಬಿಲ್ಲು ನೀಡಿದ.

ಬಿಲ್ಲು ನೋಡಿ ಮುಕ್ಕಣ್ಣನ ಹುಬ್ಬು ಮೇಲೆ ಹೋಯಿತು. ಹಿಂಡಿಯ ರೇಟು ವಾರವಾರ ಏರುತ್ತಿದ್ದ ಕಾಲ. ಇಲ್ಲಿ ನೋಡಿದರೆ ಕ್ವಿಂಟಾಲಿಗೆ ಮಾರ್ಕೆಟ್ಟಿಗಿಂತ ಇನ್ನೂರು ಕಡಿಮೆ!

"ಇದೇನಯ್ಯ, ರೇಟು ತಪ್ಪು ಬರೆದಿದೀರಾ?"

"ಇಲ್ಲಣ್ಣ. ನಮ್ಮದು ಹೊಸ ಎಣ್ಣೆ ಮಿಲ್ಲು. ನಿಮಗೆ ಇದೇ ಮೊದಲನೇ ಲೋಡು. ಕಡಿಮೆ ರೇಟಿಗೆ ಒಳ್ಳೆ ಮಾಲು ಕೊಟ್ರೆ ಗಿರಾಕಿ ನಿಲ್ತಾರೆ ಅಂದ್ರು ಮಿಲ್ ನಡೆಸೋ ನಮ್ಮ ಅಕ್ಕೋರು. ಸಿಪ್ಪೆ ಬಿಡಿಸೋಕೆ ಹೊಸ ಮಿಷಿನ್ ಹಾಕ್ಸಿದಾರೆ, ಒಂದು ಚೂರು ಸಿಪ್ಪೆ ಉಳಿಯಲ್ಲ."

ಒಳ್ಳೆ ಮಾಲು, ಕಡಿಮೆ ರೇಟು, ಕೈಮುಗಿಯುವ ಡ್ರೈವರು! ಕಳ್ಳತನಕ್ಕೆ ಇನ್ನೇನು ಪುರಾವೆ ಬೇಕು ಎಂದುಕೊಂಡ ಮುಕ್ಕಣ್ಣ. ಮಿಲ್ಲಿನ ಪದ್ಧತಿಯಂತೆ ನೂರು ಚೀಲವನ್ನೂ ಕಟ್ಟೆಯ ಮೇಲೆ ಇಳಿಸಿ ಸಾಲಾಗಿ ಮಲಗಿಸಿದರು. ಅವನು ಕೊಳವೆ ಹಿಡಿದು ಮುನ್ನೂರು ಸಲ ಚುಚ್ಚಿದ. ಒಂದು ಕಡೆಯಾದರೂ ಮರಳು ಸಿಕ್ಕಲಿ, ಬೂಷ್ಟು ಸಿಕ್ಕಲಿ ಎಂದು ಹಂಬಲಿಸಿದ. ಎಲ್ಲ ಕಡೆಯೂ ಒಂದೇ ಬಣ್ಣ, ಒಂದೇ ಪರಿಮಳ. ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡ. ಯೂರಿಯಾ ಇದ್ದರೆ ಕಹಿಯಾಗಬೇಕು. ಇದು ಸಿಹಿ.

"ಕಹಿ ಮುಚ್ಚೋಕೆ ಬೆಲ್ಲದ ನೀರು ಚಿಮುಕಿಸಿದಾರೆ" ಎಂದು ಗೊಣಗಿಕೊಂಡು ಲ್ಯಾಬಿಗೆ ನಡೆದ.

ಲ್ಯಾಬಿನಲ್ಲಿ ಇದ್ದದ್ದು ಒಬ್ಬಳೇ ಹುಡುಗಿ. ಕಾಲೇಜು ಮುಗಿಸಿ ಬಂದು ಆರು ತಿಂಗಳಾಗಿತ್ತು. ಯಂತ್ರ ಹೇಳಿದ್ದನ್ನು ನಂಬುವುದು ಅವಳ ಸ್ವಭಾವ. ಮಾದರಿ ಹಾಕಿ ಸ್ವಲ್ಪ ಹೊತ್ತಾದ ಮೇಲೆ ಅವಳ ಮುಖ ಅರಳಿತು.

"ಸಾರ್, ನಲವತ್ತಾರು ಪರ್ಸೆಂಟ್!"

"ಏನು?"

"ಪ್ರೋಟೀನು ಸಾರ್. ನಮಗೆ ಬೇಕಾದ್ದು ನಲವತ್ತು, ಬಂದಿರೋದು ನಲವತ್ತಾರು. ಎಷ್ಟು ಚೆನ್ನಾಗಿದೆ!"

ಮುಕ್ಕಣ್ಣ ಗೋಡೆ ಹಿಡಿದುಕೊಂಡ. ಅವನ ಸರ್ವೀಸಿನಲ್ಲಿ ಮೂವತ್ತೆಂಟು ನೋಡಿದ್ದ, ಮೂವತ್ತೊಂಬತ್ತು ನೋಡಿದ್ದ, ಹಬ್ಬದಂತೆ ಅಪರೂಪಕ್ಕೆ ನಲವತ್ತೊಂದು ನೋಡಿದ್ದ. ನಲವತ್ತಾರನ್ನು ಅವನು ಪುಸ್ತಕದಲ್ಲಿ ಮಾತ್ರ ಓದಿದ್ದ.

"ಯೂರಿಯಾ ಪರೀಕ್ಷೆ ಮಾಡಮ್ಮ."

ಯೂರಿಯಾ ಇದ್ದರೆ ಗಾಜಿನ ನಳಿಕೆಯಲ್ಲಿ ನೀರು ಹಳದಿಗೆ ತಿರುಗಬೇಕು. ಹುಡುಗಿ ಔಷಧಿ ಹಾಕಿ ಅಲ್ಲಾಡಿಸಿ ಎತ್ತಿ ಹಿಡಿದಳು. ನೀರು ನೀರಿನ ಹಾಗೇ ಇತ್ತು.

"ಸ್ವಲ್ಪ ಹಳದಿ ಇದೆ ಅಲ್ವಾ?" ಎಂದ ಮುಕ್ಕಣ್ಣ.

"ಇಲ್ಲ ಸಾರ್."

"ಸರಿಯಾಗಿ ನೋಡು. ಇಲ್ಲಿ, ಈ ಅಂಚಿನಲ್ಲಿ."

"ಸಾರ್, ಅದು ಕಿಟಕಿ ಪರದೆ ಬಣ್ಣ." ಅವಳು ಪರದೆ ಸರಿಸಿದಳು. ಹಳದಿ ಹೋಯಿತು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂಬ ಗಾದೆ ಅವಳ ನಾಲಿಗೆಯ ತುದಿಗೆ ಬಂದಿತ್ತು. ಹಿರಿಯರು ಅಂತ ನುಂಗಿಕೊಂಡಳು. "ಯೂರಿಯಾ ಇಲ್ವೇ ಇಲ್ಲ ಸಾರ್. ಇದನ್ನ ತಗೊಂಡ್ರೆ ನಮಗೇ ಲಾಭ. ಹಿಂಡಿ ಕಡಿಮೆ ಹಾಕಿ ಮೆಕ್ಕೆಜೋಳ ಜಾಸ್ತಿ ಹಾಕಿದ್ರೂ ದನಕ್ಕೆ ಅಷ್ಟೇ ಪೌಷ್ಟಿಕ ಸಿಗುತ್ತೆ. ಚೀಲದ ಖರ್ಚು ಇಳಿಯುತ್ತೆ."

"ಮಗಳೇ, ನೀನಿನ್ನೂ ಚಿಕ್ಕೋಳು. ಯೂರಿಯಾ ಸಿಕ್ಕಿದ್ರೆ ನಾನು ಇಷ್ಟು ಹೆದರ್ತಿರಲಿಲ್ಲ. ಸಿಕ್ಕಿಲ್ಲ ಅಂದ್ರೆ ಏನರ್ಥ? ನಮ್ಮ ಔಷಧಿಗೂ ಸಿಗದೇ ಇರೋ ಹೊಸ ಥರದ ಕಲಬೆರಕೆ ಅಂತ ಅರ್ಥ."

ಅವನು ಸಾಹುಕಾರರ ಕೋಣೆಗೆ ಹೋದ. ಸಾಹುಕಾರರೂ ಅನುಮಾನದಲ್ಲಿ ಕಡಿಮೆಯವರೇನಲ್ಲ. ಪೆನ್ನಿನ ಕ್ಯಾಪಿಗೂ ದಾರ ಕಟ್ಟಿ ಮೇಜಿಗೆ ಬಿಗಿದಿದ್ದರು. ಮುಕ್ಕಣ್ಣ ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದರು.

"ಮಾಲು ಚೆನ್ನಾಗಿಲ್ವಾ?"

"ಅದೇ ತೊಂದರೆ ಸಾಹುಕಾರ್ರೇ. ತುಂಬ ಚೆನ್ನಾಗಿದೆ."

"ನಿನಗೇನನ್ಸುತ್ತೆ?"

"ಅನುಮಾನ."

"ಖಾತ್ರಿನಾ?"

"ಅನುಮಾನ ಇರೋದಂತೂ ಖಾತ್ರಿ."

"ಗೋಡೌನಿನಲ್ಲಿ ಮಧ್ಯಾಹ್ನದವರೆಗೆ ಮಾತ್ರ ಹಿಂಡಿ ಇದೆ. ವಾಪಸ್ ಕಳ್ಸಿದ್ರೆ ಮಿಷಿನ್ ನಿಲ್ಲುತ್ತೆ. ನೆನಪಿರಲಿ, ಹೇಳ್ತಿರೋನು ನೀನು." ಸಾಹುಕಾರರು ಕೈ ತೊಳೆದುಕೊಂಡರು.

ಮುಕ್ಕಣ್ಣನ ಕಣ್ಣ ಮುಂದೆ ಅಡುಗೆಮನೆಯ ನಲ್ಲಿ ಬಂತು. "ವಾಪಸ್ಸೇ ಸರಿ" ಎಂದ.

ನೂರು ಚೀಲವನ್ನೂ ಮತ್ತೆ ಲಾರಿಗೆ ಏರಿಸಬೇಕಾಯಿತು. ಹಮಾಲರು ಏರಿಸಿದ ಒಂದೊಂದು ಚೀಲಕ್ಕೂ ಒಂದೊಂದು ಬೈಗುಳ ಬಿತ್ತು. ಡ್ರೈವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಅಣ್ಣಾ, ಕಡಿಮೆ ಬಂತು ಅಂತ ವಾಪಸ್ ಕಳ್ಸೋದು ಕೇಳಿದೀನಿ. ಜಾಸ್ತಿ ಬಂತು ಅಂತಾನಾ?" ಎಂದ. ಗೇಟು ದಾಟುವಾಗ ತಲೆ ಹೊರಗೆ ಹಾಕಿ ಕೂಗಿದ: "ಹಾಗಾದ್ರೆ ಹೋಗಿ ಒಂದಿಷ್ಟು ಕೆಡಿಸ್ಕೊಂಡು ಬರ್ತೀನಿ, ಆಗ ತಗೋತೀರಾ?"

"ನೋಡಿದ್ರಾ, ಕೆಡಿಸೋ ಬುದ್ಧಿ ಬಾಯಲ್ಲೇ ಬಂತು" ಎಂದು ಮುಕ್ಕಣ್ಣ ಗೆದ್ದವನಂತೆ ಗುಮಾಸ್ತನ ಕಡೆ ತಿರುಗಿದ. ಗುಮಾಸ್ತ ಏನೋ ಲೆಕ್ಕ ಹಾಕುವವನ ಹಾಗೆ ಗೇಟಿನ ಕಡೆಗೇ ನೋಡುತ್ತಿದ್ದ.

ಮಧ್ಯಾಹ್ನ ಮಿಶ್ರಣದ ಯಂತ್ರ ನಿಂತಿತು. ಹಗಲೂ ಇರುಳೂ ಗುಡುಗುತ್ತಿದ್ದ ಯಂತ್ರ ನಿಂತರೆ ಆ ಮೌನ ಬೈಗುಳಕ್ಕಿಂತ ಜೋರು. ಸಾಹುಕಾರರು ವರಾಂಡದಲ್ಲಿ ಹತ್ತು ಹೆಜ್ಜೆ ಈ ಕಡೆ, ಹತ್ತು ಹೆಜ್ಜೆ ಆ ಕಡೆ ನಡೆಯತೊಡಗಿದರು. ಪ್ರತಿ ಸಲ ತಿರುಗುವಾಗಲೂ ಮುಕ್ಕಣ್ಣನನ್ನು ಒಮ್ಮೆ ನೋಡುತ್ತಿದ್ದರು. ಹಾಲಿನವರ ಫೋನು ಒಂದರ ಮೇಲೊಂದು. ನಾಳೆ ಬೆಳಿಗ್ಗೆ ಆಹಾರ ಸಿಗದಿದ್ದರೆ ಬೇರೆ ಮಿಲ್ಲಿಗೆ ಹೋಗುತ್ತೇವೆ ಎಂದು ಒಬ್ಬರಾದ ಮೇಲೊಬ್ಬರು ಹೇಳಿದರು.

ಮುಕ್ಕಣ್ಣ ಮನೆಗೆ ಹೋಗಿ ಊಟದ ಶಾಸ್ತ್ರ ಮುಗಿಸಿದ. ಮನೆಯಿಂದ ವಾಪಸು ಬರುವಾಗ ತೂಕದ ಮನೆಯ ಹಿಂದೆ ಗುಮಾಸ್ತ ಫೋನಿಗೆ ಅಂಗೈ ಮರೆಮಾಡಿ ಮಾತಾಡುತ್ತಿದ್ದ. "ನಲವತ್ತು. ಹೂಂ, ನಲವತ್ತೇ. ಜಾಸ್ತಿ ಆದ್ರೆ ನಮ್ಮೋರು ಹೆದರ್ತಾರೆ" ಎಂಬ ಮಾತು ಕಿವಿಗೆ ಬಿತ್ತು. ಮುಕ್ಕಣ್ಣನನ್ನು ಕಂಡವನೇ ಫೋನು ಜೇಬಿಗೆ ಹಾಕಿ, "ನಮ್ಮತ್ತೆ ಬಿಪಿ ವಿಚಾರ" ಎಂದ. ಪಾಪ, ಮನೆ ಅಂದಮೇಲೆ ಎಲ್ಲರಿಗೂ ಒಂದೊಂದು ಚಿಂತೆ ಎಂದು ಮುಕ್ಕಣ್ಣ ಮರುಗಿದ.

ನಾಲ್ಕು ಗಂಟೆಗೆ ದೇವರು ಕಣ್ಣು ಬಿಟ್ಟಂತೆ, ಮಿಲ್ಲಿಗೆ ಹಳೆಯ ಪರಿಚಯದ ಹಿಂಡಿ ದಲಾಲಿ ಬಂದ. ಅವನ ಹಿಂದೆಯೇ ಲಾರಿ. ನೂರ ಹದಿನೈದು ಚೀಲ ಶೇಂಗಾ ಹಿಂಡಿ.

ಮುಕ್ಕಣ್ಣ ಈ ಲಾರಿಯನ್ನೂ ಒಂದು ಸುತ್ತು ಹಾಕಿದ. ತಾಡಪಾಲು ಮೂರು ಕಡೆ ಹರಿದಿತ್ತು. ತೂಕದ ಹೊತ್ತಿಗೆ ಡ್ರೈವರು ಸೀಟಿನಲ್ಲಿ ಮಲಗಿ ನಿದ್ದೆ ನಟಿಸಿದ. ದಲಾಲಿ ಬಂದವನೇ ಹೆಗಲ ಮೇಲೆ ಕೈಹಾಕಿ, "ಏನ್ ಮುಕ್ಕಣ್ಣಾರೇ, ಬಹಳ ಸೊರಗಿದೀರಿ, ನಡೀರಿ ಚಹಾ ಕುಡಿಯೋಣ" ಎಂದ. ರೇಟು ಕೇಳಿದರೆ ಮಾರ್ಕೆಟ್ಟಿಗಿಂತ ಮುನ್ನೂರು ಜಾಸ್ತಿ.

ಬೆಳಗಿನಿಂದ ಮೊದಲ ಸಲ ಮುಕ್ಕಣ್ಣ ನೆಮ್ಮದಿಯಿಂದ ಕೊಳವೆ ಒರೆಸಿಕೊಂಡ. ಇದಪ್ಪಾ ಲೋಡು ಅಂದರೆ! ಎಲ್ಲ ಹೇಗಿರಬೇಕೋ ಹಾಗಿದೆ.

ಒಂದೇ ಒಂದು ಹೊಸತು ಅಂದರೆ ದಲಾಲಿ ತನ್ನ ಹಮಾಲರನ್ನೇ ಕರೆತಂದಿದ್ದ. ಅವರು ಚೀಲಗಳನ್ನು ಎಸೆಯದೆ, ನಿದ್ದೆ ಹೋದ ಮಗುವನ್ನು ಮಲಗಿಸುವಷ್ಟು ಮೆಲ್ಲಗೆ, ಪ್ರತಿಯೊಂದನ್ನೂ ಒಂದೇ ಮಗ್ಗುಲಿಗೆ ಕಟ್ಟೆಯ ಮೇಲೆ ಮಲಗಿಸಿದರು. "ಕೆಲಸ ಅಂದ್ರೆ ಹೀಗಿರಬೇಕು, ನೋಡಿ ಕಲೀರಿ" ಎಂದು ಮುಕ್ಕಣ್ಣ ತನ್ನ ಹಮಾಲರಿಗೆ ಬುದ್ಧಿ ಹೇಳಿದ.

ಸಾಹುಕಾರರು ಬೆನ್ನ ಹಿಂದೆಯೇ ನಿಂತು, "ಬೇಗ, ಬೇಗ" ಎನ್ನುತ್ತಿದ್ದರು. ಆದರೂ ಮುಕ್ಕಣ್ಣ ಪದ್ಧತಿ ಬಿಡಲಿಲ್ಲ. ಚೀಲಕ್ಕೆ ಮೂರರಂತೆ ಮುನ್ನೂರ ನಲವತ್ತೈದು ತೂತು ಚುಚ್ಚಿದ. ಹಿಂಡಿಯಲ್ಲಿ ಅಲ್ಲಲ್ಲಿ ಸಿಪ್ಪೆಯ ಚೂರು ಕಂಡಿತು. ಆ ಚೂರು ನೋಡಿ ಅವನಿಗೆ ಹಳೆಯ ಗೆಳೆಯನನ್ನು ಕಂಡಷ್ಟು ಸಮಾಧಾನವಾಯಿತು. ಲ್ಯಾಬಿನ ಯಂತ್ರ ನಲವತ್ತು ಪಾಯಿಂಟ್ ಆರು ಎಂದಿತು.

"ನೋಡ್ದೇನಮ್ಮ, ಪ್ರಾಮಾಣಿಕ ಹಿಂಡಿ ಅಂದ್ರೆ ಇದು" ಎಂದು ಹುಡುಗಿಗೆ ಹೇಳಿ ರುಜು ಹಾಕಿದ. ಸಾಹುಕಾರರು ಚೆಕ್ಕು ಬರೆದರು. ದಲಾಲಿ ಚೆಕ್ಕು ಜೇಬಿಗಿಟ್ಟು ತನ್ನ ಹಮಾಲರ ಜೊತೆ ಮಾಯವಾದ.

ಅನಂತರ ಮಿಲ್ಲಿನ ಹಮಾಲರು ಚೀಲಗಳನ್ನು ಗೋಡೌನಿಗೆ ಸಾಗಿಸಲು ಬಂದರು. ಮೊದಲನೆಯವನು ಚೀಲ ಎತ್ತಿ ಬೆನ್ನಿಗೆ ಹಾಕಿಕೊಂಡ. ಅಷ್ಟು ಹೊತ್ತು ಕಟ್ಟೆಗೆ ಅಂಟಿಕೊಂಡಿದ್ದ ಮಗ್ಗುಲು ಮೇಲೆ ಬಂತು. ಅದರ ಮೇಲೆ ಮೂರು ತೂತು. ಮೇಲೆ ಎರಡು, ಕೆಳಗೆ ಒಂದು.

ಮುಕ್ಕಣ್ಣ ಕಣ್ಣುಜ್ಜಿಕೊಂಡ. ಎರಡನೆಯ ಚೀಲ ಎದ್ದಿತು. ಅದಕ್ಕೂ ಮೂರು. ಈ ಕಡೆ ಈಗ ಚುಚ್ಚಿದ ಮೂರು, ಆ ಕಡೆ ಬೆಳಿಗ್ಗೆ ಚುಚ್ಚಿದ ಮೂರು, ಒಟ್ಟು ಆರು ಕಣ್ಣು ಬಿಟ್ಟುಕೊಂಡು ಚೀಲಗಳು ಒಂದರ ಹಿಂದೊಂದು ಅವನನ್ನೇ ನೋಡುತ್ತ ಗೋಡೌನಿಗೆ ಹೊರಟವು. ಜಗತ್ತಿನಲ್ಲಿ ಹೀಗೆ ಚುಚ್ಚುವವನು ಒಬ್ಬನೇ ಒಬ್ಬ. ಕೊನೆಯ ಹದಿನೈದು ಚೀಲಗಳಿಗೆ ಮಾತ್ರ ಮೂರೇ ಕಣ್ಣು. ಬೆಳಗಿನ ನೂರು ಚೀಲಕ್ಕೆ ಹದಿನೈದು ಚೀಲದಷ್ಟು ಸಿಪ್ಪೆ ಬೆರೆಸಿದರೆ ನಲವತ್ತಾರು ಇಳಿದು ನಲವತ್ತಾಗುತ್ತದೆ ಎಂಬ ಲೆಕ್ಕ ಅವನ ತಲೆಯಲ್ಲಿ ತಾನಾಗಿಯೇ ಬಿಡಿಸಿಕೊಂಡಿತು.

ಆಗ ಅವನು ಹೋಗಿ ನಿಜ ಹೇಳಿದ್ದರೆ ಕತೆ ಬೇರೆಯಾಗುತ್ತಿತ್ತೋ ಏನೋ. ಆದರೆ ನಲ್ಲಿ ನೆನಪಾಯಿತು. ಗೋಡೌನಿಗೆ ಓಡಿದ.

"ಹಳೇ ತೂತು ಗೋಡೆ ಕಡೆ ಬರೋ ಹಾಗೆ ಜೋಡಿಸ್ರಪ್ಪಾ" ಎಂದು ಹಮಾಲರ ಹಿಂದೆ ಬಿದ್ದ. ಅದು ಸಾಲದು ಅನ್ನಿಸಿ, ಜನ್ಮದಲ್ಲಿ ತೂತು ಮುಚ್ಚದವನು ಕೊಳವೆಯ ತುದಿಯಿಂದ ಗೋಣಿಯ ಎಳೆ ಉಜ್ಜಿ ಉಜ್ಜಿ ಮುಚ್ಚತೊಡಗಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನಿಮಿಷಕ್ಕೊಮ್ಮೆ ಬಾಗಿಲ ಕಡೆ ನೋಡುತ್ತಿದ್ದ. ನಲವತ್ತನೆಯ ಚೀಲದ ಹತ್ತಿರ ಬಂದಾಗ ಬಾಗಿಲಲ್ಲಿ ಲ್ಯಾಬಿನ ಹುಡುಗಿ ನಿಂತಿದ್ದಳು.

"ಏನ್ಮಾಡ್ತಿದೀರಾ ಸಾರ್? ಈ ಕಡೆನೂ ತೂತು ಇದೆಯಲ್ಲ?"

"ಇಲಿ" ಎಂದ ಮುಕ್ಕಣ್ಣ.

"ಇಲೀನಾ? ಎಲ್ಲ ಚೀಲಕ್ಕೂ ಮೂರು ಮೂರು? ತ್ರಿಕೋನದಲ್ಲಿ?"

"ಕೆಲವು ಇಲಿ ಹಾಗೇ ಕಚ್ಚೋದು."

"ಯಾವ ಇಲಿ? ನನಗೂ ತೋರ್ಸು" ಎಂಬ ದನಿ ಹುಡುಗಿಯ ಹಿಂದಿನಿಂದ ಬಂತು. ಸಾಹುಕಾರರು ಹೊಸ ಹಿಂಡಿಯಲ್ಲಿ ಒಂದು ಬೊಗಸೆ ತಮ್ಮ ಮನೆಯ ಹಸುವಿಗೆ ಒಯ್ಯಲು ಬಂದಿದ್ದರು. ಚೀಲದ ಈ ಕಡೆ ನೋಡಿದರು, ತಿರುಗಿಸಿ ಆ ಕಡೆ ನೋಡಿದರು. ಇನ್ನೊಂದು ತಿರುಗಿಸಿದರು. ಮುಕ್ಕಣ್ಣನ ಕೈಯ ಕೊಳವೆ ನೋಡಿದರು. ಆಮೇಲೆ, "ಆಫೀಸಿಗೆ ಬಾ" ಎಂದರು.

ಕೋಣೆಯ ಬಾಗಿಲು ಮುಚ್ಚಿತು. ಮುಕ್ಕಣ್ಣ ಇದ್ದದ್ದನ್ನು ಇದ್ದಂತೆ ಒಪ್ಪಿಸಿದ. ಹೇಗೆ ಹೆದರಿದೆ, ಹೇಗೆ ವಾಪಸ್ ಕಳಿಸಿದೆ, ಹೇಗೆ ಗೊತ್ತಾಗದೆ ಅದನ್ನೇ ಮತ್ತೆ ತೆಗೆದುಕೊಂಡೆ, ಎಲ್ಲ ಹೇಳಿ ಕಣ್ಣೊರೆಸಿಕೊಂಡ. ಸಾಹುಕಾರರು ತಲೆಯಾಡಿಸಿದರು.

"ಚೆನ್ನಾಗಿ ಕಟ್ಟಿದೀಯ ಕತೆ. ಆದ್ರೆ ನಂಬೋಕಾಗಲ್ಲ."

"ನಿಜಾ ಸಾಹುಕಾರ್ರೇ!"

"ಹದಿನೆಂಟು ವರ್ಷ ಹಿಂಡಿ ನೋಡಿದೋನಿಗೆ ಚಿನ್ನದಂಥ ಹಿಂಡಿ ಗೊತ್ತಾಗಲ್ವಾ? ದಲಾಲಿ ಜೊತೆ ಸೇರ್ಕೊಂಡು ಬೆಳಿಗ್ಗೆ ಬೇಕಂತಲೇ ವಾಪಸ್ ಕಳ್ಸಿದೆ. ಅವನು ಅಗ್ಗಕ್ಕೆ ತಗೊಂಡು ಸಿಪ್ಪೆ ಬೆರೆಸಿ ತಂದ. ನೀನು ಪಾಸ್ ಮಾಡ್ದೆ, ಪಾಲು ಹೊಡೆದೆ. ಅಲ್ಲ ಅಂದ್ರೆ ತೂತು ಯಾಕೆ ಮುಚ್ತಿದ್ದೆ?"

ಮುಕ್ಕಣ್ಣ ಕೊಳವೆಯನ್ನು ಮೇಜಿನ ಮೇಲಿಟ್ಟು ಕೈಮುಗಿದ. "ಪ್ರಮಾಣ ಮಾಡಿ ಹೇಳ್ತೀನಿ, ನಾನು ಕಳ್ಳ ಅಲ್ಲ, ಪೆದ್ದ" ಎಂದ.

ಸಾಹುಕಾರರು ಮುಂದಕ್ಕೆ ಬಾಗಿದರು. "ಯೋಚ್ನೆ ಮಾಡಿ ಹೇಳು. ಕಳ್ಳ ಅಂದ್ರೆ ಮಾಲು ಗೊತ್ತಿರೋನು. ಒಳ್ಳೇದು ಯಾವುದು, ಕೆಟ್ಟದ್ದು ಯಾವುದು ಅಂತ ತಿಳೀದೆ ಇಂಥ ಕಳ್ಳತನ ಮಾಡೋಕಾಗಲ್ಲ. ಅಂಥೋನನ್ನ ಇಟ್ಕೊಂಡು ಮೇಲೊಂದು ಕಣ್ಣಿಟ್ಟಿದ್ರೆ ಸಾಕು. ಪೆದ್ದನನ್ನ ಗೇಟಲ್ಲಿ ನಿಲ್ಲಿಸ್ಕೊಂಡು ನಾನೇನು ಮಾಡ್ಲಿ? ಪೆದ್ದ ಅಂತೀಯಾದ್ರೆ ಬೀಗದ ಕೈ ಇಡು. ಕಳ್ಳ ಅಂತ ಒಪ್ಕೊಂಡ್ರೆ, ತಿಂದಿದ್ದು ವಾಪಸ್ ಕಟ್ಟಿ ಕೆಲಸಕ್ಕೆ ಬಾ."

ಅತ್ತ ದರಿ, ಇತ್ತ ಪುಲಿ. ಮುಕ್ಕಣ್ಣನ ಕಿವಿಯಲ್ಲಿ ನಲ್ಲಿಯ ನೀರು ಸುರಿಯಿತು.

"ತಪ್ಪಾಯ್ತು ಸಾಹುಕಾರ್ರೇ, ತಗೊಂಡೆ" ಎಂದ ತಲೆ ತಗ್ಗಿಸಿ.

"ಹಾಗೆ ಬಾ ದಾರಿಗೆ. ಎಷ್ಟು ಕೊಟ್ಟ?"

ಇದು ಕಷ್ಟದ ಪ್ರಶ್ನೆ. ಹುಟ್ಟಿದ ಲಾಗಾಯ್ತು ಲಂಚ ಮುಟ್ಟದವನಿಗೆ ಅದರ ರೇಟು ಹೇಗೆ ಗೊತ್ತಿರಬೇಕು? ಹೆದರಿ ಹೆದರಿ, "ಐನೂರು" ಎಂದ.

ಸಾಹುಕಾರರ ಮುಖ ಕೆಂಪಾಯಿತು. "ಐನೂರಾ? ನಲವತ್ತು ವರ್ಷದ ಮಿಲ್ಲಿಗೆ ಮೋಸ ಮಾಡೋಕೆ ಐನೂರಾ? ನನಗೆ ಅಷ್ಟೂ ಬೆಲೆ ಇಲ್ವಾ?"

"ಇಲ್ಲ ಇಲ್ಲ, ಮರ್ತೆ. ಎರಡು ಸಾವಿರ."

"ಎರಡು ಸಾವಿರಕ್ಕೆ ಬಾಗಿಲು ಕಾಯೋನೂ ತಿರುಗಿ ನೋಡಲ್ಲ. ನಿಜ ಹೇಳು."

"ಎಂಟು... ಹತ್ತು..." ಎನ್ನುತ್ತ ಮುಕ್ಕಣ್ಣ ತನ್ನ ಲಂಚವನ್ನು ತಾನೇ ಹರಾಜು ಕೂಗಿದ. ಸಾಹುಕಾರರ ಮುಖದ ಕೆಂಪು ಇಳಿಯಲಿಲ್ಲ. ಕೊನೆಗೆ ಸಿಪ್ಪೆಯ ಚೀಲಗಳು ನೆನಪಾದವು. "ಹದಿನೈದು ಸಾವಿರ. ಚೀಲಕ್ಕೊಂದು ಸಾವಿರದ ಹಾಗೆ."

"ಈಗ ಸರಿಹೋಯ್ತು" ಎಂದು ಸಾಹುಕಾರರು ಹಿಂದಕ್ಕೆ ಒರಗಿದರು. ಅವರ ಮರ್ಯಾದೆ ಉಳಿದಿತ್ತು. "ನಾಳೆ ಬೆಳಿಗ್ಗೆ ತಂದು ಕಟ್ಟು."

ಮುಕ್ಕಣ್ಣ ಮನೆ ಸೇರಿದಾಗ ಹೆಂಡತಿ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಸುದ್ದಿ ಅವನಿಗಿಂತ ಮೊದಲೇ ಬಂದು ತಲುಪಿತ್ತು. ಪಕ್ಕದ ಮನೆಯಿಂದ ಸುತ್ತಿಗೆಯ ಸದ್ದು ಬರುತ್ತಿತ್ತು.

"ದಲಾಲಿ ಹತ್ರ ದುಡ್ಡು ತಗೊಂಡ್ರಂತೆ. ಪಕ್ಕದ ಮನೆ ಅಕ್ಕ ಹೇಳಿದ್ರು" ಎಂದಳು.

"ಅಯ್ಯೋ, ನೀನೂ ನಂಬಿದ್ಯಾ?" ಮುಕ್ಕಣ್ಣ ಅಲ್ಲೇ ಹೊಸಿಲ ಮೇಲೆ ಕುಸಿದು ಎಲ್ಲವನ್ನೂ ಮೊದಲಿನಿಂದ ಹೇಳಿದ. ನಲವತ್ತಾರು, ಆರು ಕಣ್ಣು, ಹದಿನೈದು ಸಾವಿರ. "ಒಂದು ಪೈಸೆ ಮುಟ್ಟಿಲ್ಲ ಕಣೇ. ಮನೆ ಉಳಿಸೋಕೆ ಕಳ್ಳ ಅಂತ ಒಪ್ಕೊಂಡೆ. ಹೊಲಿಗೆ ಮಿಷಿನ್‌ಗೆ ಅಂತ ನೀನು ಕೂಡಿಟ್ಟಿದ್ದೀಯಲ್ಲ, ಅದನ್ನ ಕೊಡು. ಇನ್ನೇನು ದಾರಿ?"

ಪಕ್ಕದಲ್ಲಿ ಸುತ್ತಿಗೆ ಇನ್ನೂ ಬಡಿಯುತ್ತಿತ್ತು.

"ಏನದು ಸದ್ದು?" ಎಂದ ಮುಕ್ಕಣ್ಣ.

"ಗುಮಾಸ್ತರು ಹೊಸ ಟಿವಿ ತಂದಿದಾರೆ. ಗೋಡೆಗೆ ಮೊಳೆ ಹೊಡೀತಿದಾರೆ. ಇವತ್ತೇ ಸಂಜೆ ತಂದ್ರು."

ಮುಕ್ಕಣ್ಣನ ಮುಖದಲ್ಲಿ ಆ ದಿನದ ಮೊದಲ ನಗು ಮೂಡಿತು. "ಹೌದಾ? ಒಳ್ಳೇದಾಯ್ತು ಬಿಡು. ಪಾಪ, ಅತ್ತೆ ಬಿಪಿ ಅಂತ ಮಧ್ಯಾಹ್ನ ಬಹಳ ಚಿಂತೆಯಲ್ಲಿದ್ದ. ಫೋನಿನಲ್ಲಿ ನಲವತ್ತು, ನಲವತ್ತೇ ಇರಲಿ ಅಂತಿದ್ದ. ಬಿಪಿ ಅಷ್ಟು ಇಳಿದ್ರೆ ಮನುಷ್ಯ ಉಳಿಯೋದೇ ಕಷ್ಟ, ಅಲ್ವಾ?"

ಹೆಂಡತಿ ಒಮ್ಮೆ ಸುತ್ತಿಗೆ ಬಡಿಯುತ್ತಿದ್ದ ಗೋಡೆಯನ್ನು, ಒಮ್ಮೆ ಅವನ ಮುಖವನ್ನು ನೋಡಿದಳು. ಆಮೇಲೆ ಸೆರಗಿನಿಂದ ಬೀರುವಿನ ಕೀಲಿ ಬಿಚ್ಚುತ್ತ ನಿಟ್ಟುಸಿರುಬಿಟ್ಟಳು.

"ಏಳಿ, ಕೈಕಾಲು ತೊಳ್ಕೊಳ್ಳಿ. ಯಾರು ಏನು ಬೇಕಾದ್ರೂ ಹೇಳ್ಲಿ, ನೀವು ಕಳ್ಳ ಅಲ್ಲ ಅನ್ನೋದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇಲ್ಲ."